ಹೃದಯದ ತೂತೂ ಕೆರೆಯ ತೂಬೂ

ಎರಡು ವರ್ಷಗಳ ಕೆಳಗೆ ನಡೆದ ಸಂಗತಿ. ತುಮಕೂರಿನ ಕಾಲೇಜೊಂದರಲ್ಲಿ ನಾವು ಬಿ.ಎಸ್‌ಸಿ. ತರಗತಿಗೆ ದ್ರವಗಳ ಚಲನೆಯನ್ನು ಕುರಿತು ಪಾಠ ಹೇಳುತ್ತಿದ್ದೆವು. ಬರ್ನೌಲಿಯ ನಿಯಮವನ್ನು ಬರಿಯ ಸಮೀಕರಣವಾಗಿ ಕರಿಹಲಗೆಯ ಮೇಲೆ ಬರೆದರೆ ಹುಡುಗರ ತಲೆಗೆ ಹತ್ತುವುದಿಲ್ಲವೆಂಬುದು ನಮ್ಮ ಅನುಭವ. ಆದಕಾರಣ ಕುಣಿಗಲ್ಲಿನ ದೊಡ್ಡ ಕೆರೆಯನ್ನೇ ತರಗತಿಗೆ ಕರೆತಂದಿದ್ದೆವು. ಕೆರೆ ತುಂಬಿದಾಗ ತೂಬನ್ನು ಎತ್ತಿದರೆ ನೀರು ಭೋರೆಂದು ಹೊರಡುತ್ತದೆ. ಆ ಭೋರ್ಗರೆತ ಎರಡು ಬಗೆಯಲ್ಲಿ ನಿಲ್ಲಬಹುದು. ತೂಬನ್ನು ಮುಚ್ಚಿದರೆ ನಿಲ್ಲುತ್ತದೆ. ಇಲ್ಲವೆ, ತೂಬಿನ ಆಚೆ ಒಂದು ಕಟ್ಟೆಯಿದ್ದು, ಅದರಲ್ಲಿಯೂ ಕೆರೆಯಷ್ಟೇ ಎತ್ತರಕ್ಕೆ ನೀರು ನಿಂತರೆ, ತೂಬು ತೆರೆದಿದ್ದರೂ ಸದ್ದು ಅಡಗುತ್ತದೆ. ದಡದ ಮೇಲೆ ಕುಳಿತು ಕೇಳುವವನಿಗೆ ಎರಡೂ ಒಂದೇ.

ಪಾಠ ಮುಗಿದ ಮೇಲೆ ಗುಬ್ಬಿಯ ಕಡೆಯ ಒಬ್ಬ ವಿದ್ಯಾರ್ಥಿನಿ ಮೇಜಿನ ಬಳಿಗೆ ಬಂದಳು.

“ಸಾರ್, ಒಂದು ಸಂದೇಹ. ಚಿಕ್ಕೋಳಿದ್ದಾಗ ನನ್ನ ಎದೇಲಿ ತೂತಿದೆ ಅಂತ ಡಾಕ್ಟರು ಹೇಳಿದ್ದರಂತೆ. ಎದೆ ಮೇಲೆ ಕೈಯಿಟ್ಟರೆ ಬರ್ರ್ ಅಂತ ಗೊತ್ತಾಗೋದಂತೆ. ಆಮೇಲೆ ಆ ಸದ್ದು ತಾನೇ ನಿಂತುಹೋಯಿತು. ತೂತು ಮುಚ್ಚಿಕೊಂಡಿತು ಅಂತ ಅಜ್ಜಿ ಹೇಳ್ತಾರೆ. ಹಾಗಾದ್ರೆ ಲ್ಯಾಬಿನ ಮೆಟ್ಟಿಲು ಹತ್ತೋಕೆ ನನಗೆ ಯಾಕೆ ಸಾರ್ ಇಷ್ಟು ಕಷ್ಟ?”

ನಾವು ಏನೋ ಸಮಾಧಾನ ಹೇಳಿ ಕಳುಹಿಸಿದೆವು. ಅರ್ಧ ಗಂಟೆಯ ಹಿಂದೆ ನಾವೇ ಹೇಳಿದ್ದ ಪಾಠದಲ್ಲಿ ಅವಳ ಪ್ರಶ್ನೆಗೆ ಉತ್ತರವಿತ್ತೆಂಬುದು ನಮಗೆ ಹೊಳೆದದ್ದು ರಾತ್ರಿ ಊಟಕ್ಕೆ ಕುಳಿತಾಗ. ಅವಳೂ ಅವಳ ಮನೆಯವರೂ ಒಪ್ಪಿದ ಮೇಲೆಯೇ ಈ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ, ಹೆಸರು ಬೇಡ.

ಹೃದಯವನ್ನು ಒಂದು ಪಂಪಿಗೆ ಹೋಲಿಸುವುದು ವಾಡಿಕೆ. ವಾಸ್ತವವಾಗಿ ಅದು ಒಂದೇ ಗೋಡೆಯನ್ನು ಹಂಚಿಕೊಂಡ ಎರಡು ಪಂಪುಗಳು. ತೆಂಗಿನ ತೋಟವುಳ್ಳ ವಾಚಕರಿಗೆ ಇದನ್ನು ವಿವರಿಸುವುದು ಸುಲಭ. ಕೊಳವೆಬಾವಿಯಿಂದ ನೀರೆತ್ತಿ ದಿಬ್ಬದ ಮೇಲಿನ ತೊಟ್ಟಿಗೆ ಏರಿಸುವ ಪಂಪು ಬಲವಾದದ್ದಾಗಿರಬೇಕು. ತೊಟ್ಟಿಯ ಪಕ್ಕದ ಪಾತಿಗೆ ನೀರು ಹಾಯಿಸಲು ಸಣ್ಣದು ಸಾಕು. ಹೃದಯದ ಎಡಭಾಗ ದೊಡ್ಡ ಪಂಪು. ಅದು ನೆತ್ತಿಯಿಂದ ಅಂಗಾಲಿನವರೆಗೆ ರಕ್ತವನ್ನು ಕಳುಹಿಸಬೇಕು; ಅದರ ಕುಕ್ಷಿಯಲ್ಲಿ ಒತ್ತಡ ಪ್ರತಿಯೊಂದು ಬಡಿತದಲ್ಲಿಯೂ ಸುಮಾರು 120 ಮಿಲಿಮೀಟರು ಪಾದರಸದಷ್ಟು ಏರುತ್ತದೆ. ಬಲಭಾಗ ನೆರೆಯಲ್ಲೇ ಇರುವ ಶ್ವಾಸಕೋಶಗಳಿಗೆ ರಕ್ತವನ್ನು ತಳ್ಳಿದರೆ ಆಯಿತು. ಅಲ್ಲಿ ಒತ್ತಡ 25ರ ಆಸುಪಾಸು. ಎರಡೂ ಪಂಪುಗಳು ನಿಮಿಷಕ್ಕೆ ಸುಮಾರು 5 ಲೀಟರು, ದಿನಕ್ಕೆ ಲಕ್ಷ ಸಲ ಬಡಿದು, ಸಮಸಮನಾಗಿ ಸಾಗಿಸುತ್ತವೆ. ಶಾಲೆಯ ಪುಸ್ತಕಗಳಲ್ಲಿ ಎಡಗಡೆಯದನ್ನು ಶುದ್ಧರಕ್ತವೆಂದೂ ಬಲಗಡೆಯದನ್ನು ಅಶುದ್ಧರಕ್ತವೆಂದೂ ಕರೆದಿರುತ್ತಾರೆ. ಅಶುದ್ಧವೆಂಬುದರಲ್ಲಿ ಕೊಳೆಯೇನೂ ಇಲ್ಲ, ಆಮ್ಲಜನಕ ಕಡಿಮೆ, ಅಷ್ಟೆ.

ಈಗ ನಡುಗೋಡೆಯಲ್ಲಿ ಒಂದು ತೂತಿದೆಯೆನ್ನೋಣ. ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು ಎಂಟು ಒಂಬತ್ತಕ್ಕೆ ಹೃದಯದ ರಚನೆಯಲ್ಲಿ ಏನಾದರೊಂದು ದೋಷ ಇರುತ್ತದೆ. ಅವುಗಳಲ್ಲಿ ಹೆಚ್ಚು ಸಾಮಾನ್ಯವಾದುದು ಎರಡು ಕುಕ್ಷಿಗಳ ನಡುವಣ ಈ ತೂತು. 120ರ ಒತ್ತಡವಿರುವ ಕಡೆಯಿಂದ 25ರ ಕಡೆಗೆ ರಕ್ತ ನುಗ್ಗುತ್ತದೆ. ನುಗ್ಗುವಾಗ ಸದ್ದಾಗುತ್ತದೆ. ಇಲ್ಲಿ ಒಂದು ಸ್ವಾರಸ್ಯವುಂಟು: ತೂತು ಚಿಕ್ಕದಾದಷ್ಟೂ ಸದ್ದು ದೊಡ್ಡದಾಗಬಹುದು. ಸಣ್ಣ ತೂತು ಎರಡು ಕಡೆಯ ಒತ್ತಡಗಳನ್ನು ಬೇರೆಬೇರೆಯಾಗಿಯೇ ಉಳಿಸುತ್ತದೆ. ಆದುದರಿಂದ ರಕ್ತ ಚಿಮ್ಮುವ ವೇಗ ಅತ್ಯಧಿಕ. 1879ರಲ್ಲಿಯೇ ಫ್ರಾನ್ಸಿನ ಆನ್ರಿ ರೊಜೆ ಎಂಬ ವೈದ್ಯ ಇದನ್ನು ಗಮನಿಸಿ ಬರೆದಿದ್ದನು. ಇಂತಹ ಸಣ್ಣ ತೂತುಗಳಲ್ಲಿ ಅನೇಕವು ಮಗು ಬೆಳೆಯುತ್ತ ಬೆಳೆಯುತ್ತ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅಜ್ಜಿಯ ಮಾತು ಬರಿಯ ಕಟ್ಟುಕಥೆಯಾಗಿರಲಿಲ್ಲ, ಹಾಗೆ ಆಗುವುದುಂಟು.

ತೂತು ದೊಡ್ಡದಾದರೆ ಕಥೆ ಬೇರೆ. ಹುಟ್ಟಿದ ದಿನ ಅಂಥ ಮಗುವಿನ ಎದೆಯಲ್ಲಿ ಸದ್ದೇ ಇಲ್ಲದಿರಬಹುದು. ಗರ್ಭದಲ್ಲಿ ಶ್ವಾಸಕೋಶಗಳಿಗೆ ಕೆಲಸವಿಲ್ಲವಾದ್ದರಿಂದ ಅವುಗಳ ರಕ್ತನಾಳಗಳು ಇರುಕಾಗಿದ್ದು, ಹೃದಯದ ಎರಡು ಕಡೆಗಳಲ್ಲಿಯೂ ಒತ್ತಡ ಹೆಚ್ಚುಕಡಿಮೆ ಸಮನಾಗಿರುತ್ತದೆ. ಉಸಿರಾಟ ಆರಂಭವಾಗಿ ಕೆಲವು ವಾರಗಳು ಕಳೆಯುವಷ್ಟರಲ್ಲಿ ಆ ನಾಳಗಳು ಸಡಿಲಗೊಳ್ಳುತ್ತವೆ, ಬಲಗಡೆಯ ಮಟ್ಟ ಇಳಿಯುತ್ತದೆ, ತೂಬು ಭೋರ್ಗರೆಯಲಾರಂಭಿಸುತ್ತದೆ. ಶ್ವಾಸಕೋಶಗಳಿಗೆ ಬೇಕಾದುದರ ಎರಡರಷ್ಟು, ಮೂರರಷ್ಟು ರಕ್ತ ಹರಿಯುತ್ತದೆ. ಮಗು ಮೊಲೆಯುಣ್ಣುತ್ತ ಉಣ್ಣುತ್ತ ಬಳಲಿ ಬಿಟ್ಟುಬಿಡುತ್ತದೆ, ಹಣೆಯಲ್ಲಿ ಬೆವರು, ಮೈ ಹತ್ತುವುದಿಲ್ಲ, ಪದೇಪದೇ ನೆಗಡಿ ಕೆಮ್ಮು, ಪಕ್ಕೆ ಸೆಳೆತ. ಆಮೇಲೆ, ಎರಡು ಮೂರು ವರ್ಷಗಳಲ್ಲಿ, ಮಗು ಸುಧಾರಿಸಿದಂತೆ ಕಾಣುತ್ತದೆ. ಕೆಮ್ಮು ಕಡಿಮೆಯಾಗುತ್ತದೆ, ಮೈ ಸ್ವಲ್ಪ ತುಂಬುತ್ತದೆ, ಸದ್ದು ತಗ್ಗುತ್ತದೆ. ಹರಕೆ ತೀರಿಸಿ ಬರುತ್ತಾರೆ. ನಮ್ಮ ವಿದ್ಯಾರ್ಥಿನಿಯ ಮನೆಯಲ್ಲಿಯೂ ಹಾಗೆಯೇ ನಡೆದಿತ್ತು.

ಆ ಅವಧಿಯಲ್ಲಿ ಆಗುವುದೇನೆಂದರೆ ಇದು. ಅಧಿಕ ಒತ್ತಡದ, ಅಧಿಕ ಪ್ರಮಾಣದ ರಕ್ತದ ಹೊಡೆತವನ್ನು ಶ್ವಾಸಕೋಶಗಳ ಸೂಕ್ಷ್ಮನಾಳಗಳು ತಡೆಯಲಾರವು. ಅವುಗಳ ಗೋಡೆ ದಪ್ಪವಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ತೂಬಿನ ಆಚೆಗಿನ ಕಟ್ಟೆಯಿಂದ ನೀರು ಹೊರಹೋಗುವ ಕಾಲುವೆಗಳಲ್ಲಿ ಹೂಳು ತುಂಬಿದರೆ ಏನಾದೀತು? ಕಟ್ಟೆಯ ಮಟ್ಟ ಏರುತ್ತ ಬಂದು ಕೆರೆಯ ಮಟ್ಟಕ್ಕೆ ಸಮನಾಗುತ್ತದೆ. ಭೋರ್ಗರೆತ ನಿಲ್ಲುತ್ತದೆ. ಶ್ವಾಸಕೋಶಕ್ಕೆ ಹೆಚ್ಚಿನ ರಕ್ತ ಹರಿಯುವುದೂ ನಿಲ್ಲುವುದರಿಂದ ಮಗುವಿಗೆ ಕೆಲವು ಕಾಲ ಸುಖವೆನ್ನಿಸುತ್ತದೆ. ಹೂಳು ಇನ್ನಷ್ಟು ತುಂಬಿದರೆ ಹರಿವು ತಿರುಗುಮುರುಗಾಗುತ್ತದೆ. ಆಮ್ಲಜನಕವಿಲ್ಲದ ರಕ್ತ ಬಲದಿಂದ ಎಡಕ್ಕೆ ನುಸುಳಿ ದೇಹಕ್ಕೆ ಹೋಗುತ್ತದೆ. ತುಟಿ ಉಗುರುಗಳಲ್ಲಿ ನೀಲಿ ಛಾಯೆ, ಬೆರಳ ತುದಿಗಳು ದುಂಡಗೆ ಉಬ್ಬುವುದು, ಏದುಸಿರು. 1897ರಲ್ಲಿ ಆಸ್ಟ್ರಿಯದ ವಿಕ್ಟರ್ ಐಸೆನ್‌ಮೆಂಗರ್ ಎಂಬ ವೈದ್ಯ 32 ವರ್ಷದ ಒಬ್ಬ ಗಂಡಸಿನಲ್ಲಿ ಈ ಸ್ಥಿತಿಯನ್ನು ವರ್ಣಿಸಿದನು. (ಮುಂದೆ ಈತನೇ ಯುವರಾಜ ಫ್ರಾನ್ಸ್ ಫರ್ಡಿನೆಂಡನ ಖಾಸಗಿ ವೈದ್ಯನಾಗಿದ್ದನು. ಆ ಯುವರಾಜನ ಕೊಲೆಯಿಂದಲೇ ಒಂದನೆಯ ಮಹಾಯುದ್ಧ ಹೊತ್ತಿಕೊಂಡಿತೆಂಬುದನ್ನು ವಾಚಕರು ಬಲ್ಲರು.) ತೂತು ಹೃದಯದಲ್ಲಿ ಎಲ್ಲಿದೆಯೆಂಬುದು ಮುಖ್ಯವಲ್ಲ, ಶ್ವಾಸಕೋಶದ ನಾಳಗಳು ಒಡ್ಡುವ ಅಡ್ಡಿಯೇ ಮುಖ್ಯವೆಂದು 1958ರಲ್ಲಿ ಲಂಡನ್ನಿನ ಪಾಲ್ ವುಡ್ ತೋರಿಸಿಕೊಟ್ಟನು.

ಹಾಗಾದರೆ ಸದ್ದು ನಿಂತದ್ದು ತೂಬು ಮುಚ್ಚಿದ್ದರಿಂದಲೋ ಮಟ್ಟ ಸಮನಾದದ್ದರಿಂದಲೋ, ಎದೆಯನ್ನು ಕೊಯ್ಯದೆ ತಿಳಿಯುವ ಬಗೆ ಹೇಗೆ? ಇಲ್ಲಿ ಭೌತಶಾಸ್ತ್ರದವರಿಗೆ ತುಸು ಹೆಮ್ಮೆಪಡಲು ಅವಕಾಶವುಂಟು. 1953ರಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯನೂ ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಕೂಡಿ, ಲೋಹದಲ್ಲಿನ ಬಿರುಕುಗಳನ್ನು ಪತ್ತೆಮಾಡಲು ಹಡಗುಕಟ್ಟೆಯಲ್ಲಿ ಬಳಸುತ್ತಿದ್ದ ಶ್ರವಣಾತೀತ ಧ್ವನಿಯ ಯಂತ್ರವನ್ನು ಎರವಲು ತಂದು, ಬಡಿಯುತ್ತಿರುವ ಹೃದಯದಿಂದ ಪ್ರತಿಧ್ವನಿಯನ್ನು ಪಡೆದರು. ಇಂದು ಜನರು “ಎಕೋ” ಎಂದು ಕರೆಯುವ ಪರೀಕ್ಷೆಯ ಮೂಲ ಇದೇ. ಸಮೀಪಿಸುವ ರೈಲಿನ ಸಿಳ್ಳು ಏರಿದಂತೆಯೂ ದೂರ ಸರಿಯುವಾಗ ಇಳಿದಂತೆಯೂ ಕೇಳುವುದಷ್ಟೆ; 1842ರಲ್ಲಿ ಡಾಪ್ಲರ್ ಹೇಳಿದ ಆ ತತ್ತ್ವವನ್ನೇ ಹರಿಯುವ ರಕ್ತಕಣಗಳಿಗೆ ಅನ್ವಯಿಸಿದರೆ ಅವುಗಳ ವೇಗ ತಿಳಿಯುತ್ತದೆ. ವೇಗ ತಿಳಿದರೆ ಬರ್ನೌಲಿಯ ನಿಯಮದಿಂದ ಒತ್ತಡದ ವ್ಯತ್ಯಾಸ ತಿಳಿಯುತ್ತದೆ. ನಾರ್ವೆಯ ವೈದ್ಯೆ ಲಿವ್ ಹಾಟ್ಲೆ ಮತ್ತು ಅವರ ಜೊತೆಗಾರರು 1970ರ ದಶಕದಲ್ಲಿ ಇದನ್ನು ಆಸ್ಪತ್ರೆಗಳ ನಿತ್ಯದ ಉಪಯೋಗಕ್ಕೆ ತಂದರು.

ಲೆಕ್ಕ ಬಹಳ ಸುಲಭ, ಪಿ.ಯು.ಸಿ. ಓದಿದವರು ತಾವೇ ಮಾಡಬಹುದು. ಒತ್ತಡದ ವ್ಯತ್ಯಾಸವೆಂದರೆ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ ಮೊತ್ತ. ರಕ್ತದ ಸಾಂದ್ರತೆ ಘನಮೀಟರಿಗೆ 1060 ಕಿಲೋಗ್ರಾಂ, ಅರ್ಧ 530. ಒಂದು ಮಿಲಿಮೀಟರು ಪಾದರಸವೆಂದರೆ 133 ಪಾಸ್ಕಲ್. 530ನ್ನು 133ರಿಂದ ಭಾಗಿಸಿದರೆ, ಕೂದಲೆಳೆಯಷ್ಟು ಕಡಿಮೆ, 4. ಅಂದರೆ ಸೆಕೆಂಡಿಗೆ ಎಷ್ಟು ಮೀಟರು ವೇಗವೋ ಅದರ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಆಯಿತು. ತೂತಿನ ಮೂಲಕ ರಕ್ತ ಸೆಕೆಂಡಿಗೆ 5 ಮೀಟರಿನಂತೆ ಚಿಮ್ಮುತ್ತಿದ್ದರೆ ವ್ಯತ್ಯಾಸ 100. ಎಡಗಡೆ 120 ಇದ್ದರೆ ಬಲಗಡೆ 20. ಶ್ವಾಸಕೋಶ ಸುರಕ್ಷಿತ. ಕಾಲೇಜಿನ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಒಂದು ಸೂತ್ರ ಮನುಷ್ಯನ ಎದೆಯಲ್ಲಿ ಹೀಗೆ ಕೆಲಸಕ್ಕೆ ಬರುವುದನ್ನು ಕಂಡು ನಾವೇ ಬೆರಗಾದೆವು.

ನಾವು ಮೊದಲು ಮಾಡಿದ್ದು ಎಕೋ ಪರೀಕ್ಷೆಯಲ್ಲ. 2020-21ರ ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಿತವಾದ, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪೊಂದು ಕಾಲೇಜಿನ ಕಪಾಟಿನಲ್ಲಿತ್ತು. ಆಮ್ಲಜನಕವನ್ನು ಹೊತ್ತ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಅವಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ; ಹೊರದ ರಕ್ತದಲ್ಲಿ ಇದು ಅದಲುಬದಲು. ಎರಡು ಬೆಳಕುಗಳನ್ನೂ ಬೆರಳಿನ ಮೂಲಕ ಹಾಯಿಸಿ, ನಾಡಿಯೊಡನೆ ಏರಿಳಿಯುವ ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಆಮ್ಲಜನಕದ ಪ್ರಮಾಣ ತಿಳಿಯುತ್ತದೆಂದು 1970ರ ದಶಕದ ಆರಂಭದಲ್ಲಿ ಜಪಾನಿನ ತಾಕುವೊ ಅವೊಯಾಗಿ ಕಂಡುಕೊಂಡನು. ಆರೋಗ್ಯವಂತರಲ್ಲಿ ಈ ಸಂಖ್ಯೆ 95ಕ್ಕೆ ಮೇಲೆ. ನಮ್ಮ ವಿದ್ಯಾರ್ಥಿನಿಯದು 84. ಯಂತ್ರ ಕೆಟ್ಟಿದೆಯೆಂದು ನಾವು ನಮ್ಮ ಬೆರಳಿಗೂ ಅಟೆಂಡರ ಬೆರಳಿಗೂ ಸಿಕ್ಕಿಸಿ ನೋಡಿದೆವು. ಕೆಟ್ಟಿರಲಿಲ್ಲ. ಕಪ್ಪು ಚರ್ಮದವರಲ್ಲಿ ಈ ಕ್ಲಿಪ್ಪು ಕೆಲವು ವೇಳೆ ಇರುವುದಕ್ಕಿಂತ ಹೆಚ್ಚಿಗೆ ತೋರಿಸುತ್ತದೆಂದು 2020ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ನಡೆದ ಅಧ್ಯಯನದಿಂದ ಗೊತ್ತಾಗಿದೆ. ಆದುದರಿಂದ ನಿಜವಾದ ಸಂಖ್ಯೆ ಇನ್ನೂ ಕಡಿಮೆಯಿದ್ದೀತು. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹುಟ್ಟಿದೊಡನೆ ಮುಚ್ಚಬೇಕಾದ, ಮಹಾಧಮನಿಗೂ ಶ್ವಾಸಕೋಶದ ಧಮನಿಗೂ ನಡುವಣ ನಾಳವು ತೆರೆದೇ ಉಳಿದವರಲ್ಲಿ ನೀಲಿರಕ್ತವು ದೇಹದ ಕೆಳಭಾಗಕ್ಕೆ ಮಾತ್ರ ಹೋಗಬಹುದು. ಅಂಥವರ ಕೈಬೆರಳು 96 ತೋರಿಸಿದರೂ ಕಾಲ್ಬೆರಳು 85 ತೋರಿಸೀತು. ಕ್ಲಿಪ್ಪನ್ನು ಕಾಲಿಗೂ ಹಾಕಿ ನೋಡಬೇಕು. ಇದಕ್ಕೆ ಅರ್ಧ ನಿಮಿಷ ಸಾಕು.

ಅನಂತರ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಕೋ ಆಯಿತು. ತೂತು ಮುಚ್ಚಿರಲಿಲ್ಲ, ಅಂಗುಲದ ಅರ್ಧಕ್ಕಿಂತ ದೊಡ್ಡದಾಗಿಯೇ ಇತ್ತು. ವರದಿಯಲ್ಲಿ ವೇಗ ಸೆಕೆಂಡಿಗೆ 1.5 ಮೀಟರು ಎಂದಿತ್ತು. ಹುಡುಗಿ ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಲೆಕ್ಕ ಮಾಡಿ, “ಒಂಬತ್ತೇ ಸಾರ್” ಎಂದಳು. ಕೆರೆಗೂ ಕಟ್ಟೆಗೂ ಒಂಬತ್ತು ಮಿಲಿಮೀಟರಿನ ಅಂತರ. ತೊಡೆಯ ಅಭಿಧಮನಿಯ ಮೂಲಕ ಸಣ್ಣ ನಳಿಕೆಯನ್ನು ಹೃದಯದವರೆಗೆ ಕಳುಹಿಸಿ ಒತ್ತಡಗಳನ್ನು ನೇರವಾಗಿ ಅಳೆದ ಮೇಲೆ ವೈದ್ಯರು, ಇದನ್ನು ಈಗ ಮುಚ್ಚಬಾರದೆಂದರು. ಆಕೆಯ ತಂದೆಗೆ ಅರ್ಥವಾಗಲಿಲ್ಲ. ತೂತಿದ್ದರೆ ಮುಚ್ಚಬೇಕಲ್ಲವೆ? ಹಣದ ಕಾರಣಕ್ಕೆ ಹೀಗೆನ್ನುತ್ತಾರೆಂದೇ ಅವರು ಭಾವಿಸಿದರು. ಅವರಿಗೆ ನಾವು ಮತ್ತೆ ಕೆರೆಯ ಮಾತನ್ನೇ ಹೇಳಬೇಕಾಯಿತು. ಕಾಲುವೆಗಳೆಲ್ಲ ಹೂಳು ತುಂಬಿದ ಮೇಲೆ ಆ ತೂತು ತೂಬಲ್ಲ, ಕೋಡಿ. ಹೆಚ್ಚಿನ ನೀರು ಹೊರಬೀಳುವ ಕೋಡಿಯನ್ನು ಮುಚ್ಚಿದರೆ ಏರಿ ಒಡೆಯುತ್ತದೆ. ಬಲಗಡೆಯ ಕುಕ್ಷಿ ಆ ಒತ್ತಡವನ್ನು ಒಂಟಿಯಾಗಿ ತಾಳಲಾರದೆ ಸೋಲುತ್ತದೆ. “ಕೋಡಿ ಅನ್ನಿ ಮತ್ತೆ” ಎಂದು ಅವರು ಸುಮ್ಮನಾದರು.

ಮುಚ್ಚುವ ಕಾಲ ಇದ್ದಿತು. ದೊಡ್ಡ ತೂತುಗಳನ್ನು ಸಾಮಾನ್ಯವಾಗಿ ಮಗುವಿನ ಮೊದಲ ವರ್ಷದಲ್ಲಿಯೇ, ಬಹಳವೆಂದರೆ ಎರಡನೆಯ ವರ್ಷದೊಳಗೆ ಮುಚ್ಚುತ್ತಾರೆ. ಅವಳು ಹುಟ್ಟಿದಾಗ ಬೆಂಗಳೂರಿನಲ್ಲಿ ಆ ಕೆಲಸ ಮಾಡಬಲ್ಲ ಆಸ್ಪತ್ರೆಗಳಿದ್ದವು: ಜಯದೇವ ಹೃದ್ರೋಗ ಸಂಸ್ಥೆಯಿತ್ತು, 2000ದಲ್ಲಿ ನಾರಾಯಣ ಹೃದಯಾಲಯವೂ 2001ರಲ್ಲಿ ವೈಟ್‌ಫೀಲ್ಡಿನಲ್ಲಿ ಉಚಿತ ಚಿಕಿತ್ಸೆಯ ಸತ್ಯಸಾಯಿ ಆಸ್ಪತ್ರೆಯೂ ಆರಂಭವಾಗಿದ್ದವು. ತಿಂಗಳಿಗೆ ಐದು ರೂಪಾಯಿಯ ವಂತಿಗೆಯಲ್ಲಿ ಸಹಕಾರ ಸಂಘಗಳ ಸದಸ್ಯರಿಗೆ ಶಸ್ತ್ರಚಿಕಿತ್ಸೆ ಒದಗಿಸುವ ಯಶಸ್ವಿನಿ ಯೋಜನೆಯೂ 2003ರಲ್ಲಿ ಜಾರಿಗೆ ಬಂದಿತ್ತು. ಗುಬ್ಬಿಯಿಂದ ತುಮಕೂರು ಇಪ್ಪತ್ತು ಕಿಲೋಮೀಟರು, ಅಲ್ಲಿಂದ ಬೆಂಗಳೂರು ಎಪ್ಪತ್ತು. ದೂರ ಇಷ್ಟೆ. ಕೊರತೆಯಿದ್ದದ್ದು, ಮಗು ಸುಧಾರಿಸಿದಂತೆ ಕಂಡ ಆ ವರ್ಷದಲ್ಲಿ “ಇದು ಸುಧಾರಣೆಯಲ್ಲ” ಎಂದು ಹೇಳುವ ಒಂದು ಬಾಯಿ. ಅಂಗನವಾಡಿ ಶಾಲೆಗಳಿಗೆ ವೈದ್ಯತಂಡಗಳು ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾದದ್ದು 2013ರಲ್ಲಿ. ಅವಳ ಪಾಲಿಗೆ ಅದು ತಡವಾಗಿ ಬಂದಿತು.

ಈ ಲೇಖನವನ್ನು ಓದಿ ಯಾರೂ ಎದೆಗುಂದಬಾರದು. ಏಕೆಂದರೆ ವಯಸ್ಕರಲ್ಲಿ ಕಾಣುವ ತೂತುಗಳೆಲ್ಲ ಹೀಗಲ್ಲ. ಹೃತ್ಕರ್ಣಗಳ, ಅಂದರೆ ಮೇಲಿನ ಎರಡು ಕೋಣೆಗಳ ನಡುವೆ ತೂತಿರುವವರ ವಿಷಯ ನೋಡಿ. ಅಲ್ಲಿ ಎರಡು ಕಡೆಯ ಒತ್ತಡಗಳಿಗೆ ಕೆಲವೇ ಮಿಲಿಮೀಟರುಗಳ ಅಂತರ. ಆದುದರಿಂದ ತೂತು ತಾನಾಗಿ ಸದ್ದು ಮಾಡುವುದಿಲ್ಲ. ಶ್ವಾಸಕೋಶಕ್ಕೆ ಹೆಚ್ಚು ರಕ್ತ ಹೋಗುತ್ತದೆ, ಆದರೆ ಒತ್ತಡದ ಹೊಡೆತವಿಲ್ಲ. ಹೀಗೆ ಮೂವತ್ತು ನಲವತ್ತು ವರ್ಷ ಗೊತ್ತೇ ಆಗದೆ ಸಾಗಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಎರಡರಷ್ಟು. ಎರಡನೆಯ ಹೆರಿಗೆಯಾದ ಮೇಲೆ ಕೊಡ ಹೊರಲಾರದೆ ಕುಳಿತುಕೊಳ್ಳುವ ಹೆಂಗಸಿಗೆ “ರಕ್ತ ಕಡಿಮೆ” ಎಂದು ಕಬ್ಬಿಣದ ಗುಳಿಗೆ ಕೊಟ್ಟು ಕಳುಹಿಸುವುದು ಸಹಜ. ಬಹುಪಾಲು ಸಂದರ್ಭಗಳಲ್ಲಿ ಅದು ಸರಿಯೂ ಹೌದು. ಗುಳಿಗೆ ತಿಂದರೂ ಗುಣವಾಗದಿದ್ದರೆ ಒಮ್ಮೆ ಎಕೋ ಮಾಡಿಸಬೇಕು. ಏಕೆಂದರೆ ಈ ತೂತನ್ನು ಆ ವಯಸ್ಸಿನಲ್ಲಿಯೂ ಮುಚ್ಚಬಹುದು.

ಮುಚ್ಚುವ ವಿಧಾನ ಲೋಹವಿಜ್ಞಾನದ ಒಂದು ಚಮತ್ಕಾರ. 1953ರ ಮೇ ತಿಂಗಳಿನಲ್ಲಿ ಫಿಲಡೆಲ್ಫಿಯದ ಜಾನ್ ಗಿಬ್ಬನ್, ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ತಾತ್ಕಾಲಿಕವಾಗಿ ಮಾಡುವ ಯಂತ್ರವನ್ನು ಮೊದಲ ಸಲ ಯಶಸ್ವಿಯಾಗಿ ಬಳಸಿದ್ದು 18 ವರ್ಷದ ತರುಣಿಯೊಬ್ಬಳ ಇಂತಹದೇ ತೂತನ್ನು ಹೊಲಿಯಲು. ಅಂದು ಎದೆಯನ್ನು ತೆರೆಯಬೇಕಾಗಿತ್ತು. ಇಂದು ಅನೇಕರಲ್ಲಿ ಆ ಅಗತ್ಯವಿಲ್ಲ. ನಿಕ್ಕಲ್ ಮತ್ತು ಟೈಟೇನಿಯಮ್ ಬೆರೆತ ನಿಟಿನಾಲ್ ಎಂಬ ಮಿಶ್ರಲೋಹ ಅಮೆರಿಕದ ನೌಕಾಪಡೆಯ ಪ್ರಯೋಗಶಾಲೆಯಲ್ಲಿ ರೂಪುಗೊಂಡಿತು. ಅದರ ತಂತಿಯನ್ನು ಹೇಗೆ ಎಳೆದರೂ, ಬಿಟ್ಟೊಡನೆ ತನ್ನ ಮೂಲ ಆಕಾರಕ್ಕೆ ಮರಳುತ್ತದೆ. ಆ ತಂತಿಯಿಂದ ಎರಡು ತಟ್ಟೆಗಳನ್ನು ನಡುವೆ ಒಂದು ಕುತ್ತಿಗೆಯಿರುವಂತೆ ನೇಯ್ದು, ಉದ್ದಕ್ಕೆ ಎಳೆದು ಸಣ್ಣ ನಳಿಕೆಯಲ್ಲಿ ಸೇರಿಸಿ, ತೊಡೆಯ ಅಭಿಧಮನಿಯ ದಾರಿಯಾಗಿ ಹೃದಯಕ್ಕೆ ಒಯ್ಯುತ್ತಾರೆ. ನಳಿಕೆಯಿಂದ ಹೊರಬಂದೊಡನೆ ಒಂದು ತಟ್ಟೆ ಗೋಡೆಯ ಆಚೆಯೂ ಇನ್ನೊಂದು ಈಚೆಯೂ ಅರಳಿ ತೂತನ್ನು ಹಿಡಿದುಕೊಳ್ಳುತ್ತವೆ. ಅಂಗಿಯ ಗುಂಡಿಯಂತೆ. ಕೆಲವು ತಿಂಗಳುಗಳಲ್ಲಿ ಹೃದಯದ ಒಳಪೊರೆ ಅದರ ಮೇಲೆ ಬೆಳೆಯುತ್ತದೆ. ಕರ್ಟ್ ಆಂಪ್ಲಾಟ್ಸ್ ರೂಪಿಸಿದ ಈ ಸಾಧನಕ್ಕೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಈಗ ಇದು ದಿನನಿತ್ಯದ ಕೆಲಸ.

ಇನ್ನು ಮೂರನೆಯ ಗುಂಪು: ಚಿಕ್ಕಂದಿನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಎಲ್ಲ ಮುಗಿಯಿತೆಂದು ನಂಬಿರುವವರು. ಇವರ ಸಂಖ್ಯೆ ಬೆಳೆಯುತ್ತಿದೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 2010ರಲ್ಲಿ ಎಣಿಸಿದಾಗ ಹುಟ್ಟು ಹೃದಯದೋಷವುಳ್ಳವರಲ್ಲಿ ಮೂರರಲ್ಲಿ ಎರಡು ಪಾಲು ವಯಸ್ಕರೇ ಆಗಿದ್ದರು. ನಮ್ಮಲ್ಲಿ 2000ದ ಈಚೆಗೆ ಚಿಕಿತ್ಸೆ ಪಡೆದ ಮಕ್ಕಳು ಈಗ ತಾನೆ ಇಪ್ಪತ್ತು ದಾಟುತ್ತಿದ್ದಾರೆ. ಫ್ರಾನ್ಸಿನ ಫಾಲೋ 1888ರಲ್ಲಿ ವರ್ಣಿಸಿದ ನಾಲ್ಕು ದೋಷಗಳ ಕೂಟ, ನೀಲಿಮಕ್ಕಳ ರೋಗವೆಂದು ಪ್ರಸಿದ್ಧವಾದದ್ದು, ಇದಕ್ಕೆ ಒಳ್ಳೆಯ ನಿದರ್ಶನ. ಶ್ವಾಸಕೋಶಕ್ಕೆ ಹೋಗುವ ಇಕ್ಕಟ್ಟಾದ ದಾರಿಯನ್ನು ಶಸ್ತ್ರವೈದ್ಯರು ಅಗಲ ಮಾಡುತ್ತಾರೆ. ಮಾಡುವಾಗ ಅಲ್ಲಿನ ಕವಾಟ ಬಹುವೇಳೆ ಕೆಲಸಕ್ಕೆ ಬಾರದಂತಾಗುತ್ತದೆ. ಮಗು ಬದುಕಿ, ಓಡಿ ಆಡಿ, ಬೆಳೆಯುತ್ತದೆ. ಆದರೆ ಪ್ರತಿಯೊಂದು ಬಡಿತದಲ್ಲಿಯೂ ತಳ್ಳಿದ ರಕ್ತದ ಒಂದಂಶ ಹಿಂದಕ್ಕೆ ಬರುತ್ತಿರುತ್ತದೆ. ಬಲಕುಕ್ಷಿ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಸಹಿಸುತ್ತ ಹಿಗ್ಗುತ್ತದೆ. ರೋಗಿಗೆ ಕಷ್ಟವೆನ್ನಿಸುವ ಹೊತ್ತಿಗೆ ಅದು ಬಹಳ ಹಿಗ್ಗಿರುತ್ತದೆ. ಅದಕ್ಕೆ ಮುಂಚೆಯೇ ಹೊಸ ಕವಾಟವನ್ನು ಹಾಕಬೇಕು; ಯಾವಾಗ ಎಂಬುದು ವರ್ಷ ವರ್ಷವೂ ಅಳೆದರೆ ಮಾತ್ರ ಗೊತ್ತಾಗುವ ಸಂಗತಿ.

ಇಲ್ಲಿಯೇ ನಮ್ಮ ವ್ಯವಸ್ಥೆಯ ತೊಡಕಿರುವುದು. 18 ವರ್ಷದವರೆಗೆ ಶಾಲೆಗೆ ತಂಡ ಬರುತ್ತದೆ, ಪಟ್ಟಿಯಲ್ಲಿ ಹೆಸರಿರುತ್ತದೆ, ಆಶಾ ಕಾರ್ಯಕರ್ತೆ ಬಂದು ಕೇಳುತ್ತಾಳೆ. 19ನೆಯ ವರ್ಷದಲ್ಲಿ ಹೃದಯವೇನೂ ಬದಲಾಗುವುದಿಲ್ಲ, ಪಟ್ಟಿ ಮಾತ್ರ ಮುಗಿಯುತ್ತದೆ. ಅದೇ ವಯಸ್ಸಿನಲ್ಲಿ ಹುಡುಗ ಪೀಣ್ಯದ ಕಾರ್ಖಾನೆಗೆ ಸೇರುತ್ತಾನೆ, ಹುಡುಗಿಗೆ ಗಂಡು ನೋಡುತ್ತಾರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡತನದ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಖರ್ಚನ್ನು ಹೊರುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಅದು ಮುಖ್ಯವಾಗಿ ದಾಖಲಾಗಿ ಮಲಗಿದವನಿಗೆ. ವರ್ಷಕ್ಕೊಮ್ಮೆ ನಡೆದುಕೊಂಡು ಹೋಗಿ ಎಕೋ ಮಾಡಿಸಿ ಬರುವವನ ಬಸ್ಸಿನ ದುಡ್ಡಿಗೂ ಕಳೆದುಕೊಂಡ ಒಂದು ದಿನದ ಕೂಲಿಗೂ ಅಲ್ಲ. ಕೊಯ್ಲಿಗೆ ಹಣವುಂಟು, ಕಾವಲಿಗೆ ಇಲ್ಲ. ವಯಸ್ಕರ ಹುಟ್ಟು ಹೃದಯದೋಷವನ್ನೇ ವಿಶೇಷವಾಗಿ ಬಲ್ಲ ವೈದ್ಯರೂ ಕಡಿಮೆ; ಅನೇಕ ಕಡೆ ಮೀಸೆ ಬಂದ ತರುಣರೂ ಮಕ್ಕಳ ಹೃದ್ರೋಗ ವಿಭಾಗದ ಮುಂದೆ ತೊಟ್ಟಿಲ ಕೂಸುಗಳ ನಡುವೆ ಸರದಿಗಾಗಿ ಕಾಯುತ್ತಾರೆ. ಲಂಡನ್ನಿನಲ್ಲಿ ಡಾಕ್ಟರ್ ಜೇನ್ ಸೊಮರ್‌ವಿಲ್ 1975ರಲ್ಲಿಯೇ ಇಂತಹವರಿಗಾಗಿ ಪ್ರತ್ಯೇಕ ವಾರ್ಡನ್ನು ತೆರೆದಿದ್ದರು.

ಮದುವೆಯ ವಿಷಯ ಇನ್ನೂ ಸೂಕ್ಷ್ಮ. ಎದೆಯ ಗಾಯದ ಗುರುತನ್ನು ಮುಚ್ಚಿಟ್ಟು ಮದುವೆ ಮಾಡುವ ತಂದೆತಾಯಿಗಳನ್ನು ನಾವು ಬಯ್ಯಲಾರೆವು. ಅವರ ಭಯ ನಮಗೆ ಗೊತ್ತು. ಆದರೆ ಮುಚ್ಚಿಟ್ಟ ಗುರುತಿನೊಡನೆ ಆಸ್ಪತ್ರೆಯ ಕಡತವೂ ತವರಿನಲ್ಲೇ ಉಳಿದುಬಿಡುತ್ತದೆ, ಹೆರಿಗೆಯ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಸರಿಯಾಗಿ ಮುಚ್ಚಿದ ತೂತಿನವರಿಗೆ, ಶ್ವಾಸಕೋಶದ ಒತ್ತಡ ಸಹಜವಾಗಿದ್ದರೆ, ಬಸುರು ಸಾಮಾನ್ಯವಾಗಿ ನಿರ್ಭಯ. ಹರಿವು ತಿರುಗಿದವರಿಗೆ ಹಾಗಲ್ಲ: ಹಿಂದಿನ ದಶಕಗಳ ಲೆಕ್ಕದಲ್ಲಿ ಇಂಥ ಬಸುರಿಯರಲ್ಲಿ ಸುಮಾರು ಮೂವರಲ್ಲಿ ಒಬ್ಬಳು ತೀರಿಕೊಳ್ಳುತ್ತಿದ್ದಳು, ಇಂದಿಗೂ ಅಪಾಯ ಬಹಳ ದೊಡ್ಡದು. ಈ ಎರಡು ಮಾತುಗಳಲ್ಲಿ ತನಗೆ ಅನ್ವಯಿಸುವುದು ಯಾವುದೆಂಬುದನ್ನು ಹುಡುಗಿ ಮದುವೆಗೆ ಮುಂಚೆಯೇ ತಿಳಿದಿರಬೇಕು.

ನಮ್ಮ ವಿದ್ಯಾರ್ಥಿನಿ ಈಗ ಎಂ.ಎಸ್‌ಸಿ. ಓದುತ್ತಿದ್ದಾಳೆ. ಅವಳ ತರಗತಿಯನ್ನು ನೆಲಮಟ್ಟದ ಕೋಣೆಗೆ ಬದಲಾಯಿಸಿದ್ದಾರೆ. ಶ್ವಾಸಕೋಶದ ನಾಳಗಳನ್ನು ತುಸು ಸಡಿಲಿಸುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಾಳೆ. ಇಂತಹ 54 ರೋಗಿಗಳ ಮೇಲೆ ಬೋಸೆಂಟಾನ್ ಎಂಬ ಔಷಧವನ್ನು ಪ್ರಯೋಗಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧ ಸೇವಿಸಿದವರು ಆರು ನಿಮಿಷಗಳಲ್ಲಿ ನಡೆಯುವ ದೂರ, ಹುಸಿಮಾತ್ರೆಯವರೊಡನೆ ಹೋಲಿಸಿದರೆ, ಸುಮಾರು 53 ಮೀಟರು ಹೆಚ್ಚಿತು. ಐವತ್ತಮೂರು ಮೀಟರೆಂದರೆ ಗುಬ್ಬಿಯ ಬಸ್ ನಿಲ್ದಾಣದಲ್ಲಿ ಹೊರಟ ಬಸ್ಸನ್ನು ಹಿಡಿಯುವುದಕ್ಕೂ ತಪ್ಪಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ. ಅವಳ ಹಿಮೋಗ್ಲೋಬಿನ್ 19; ಆಮ್ಲಜನಕದ ಕೊರತೆಯನ್ನು ತುಂಬಲು ದೇಹ ಮಾಡಿಕೊಂಡ ಏರ್ಪಾಡು ಅದು. ರಕ್ತ ಗಟ್ಟಿಯಾಗಿದೆಯೆಂದು ತೆಗೆಸಿಹಾಕುವ ಹಳೆಯ ಪದ್ಧತಿಯನ್ನು ತಜ್ಞರು ಈಗ ಬಿಟ್ಟಿದ್ದಾರೆ; ಸುಮ್ಮನೆ ತೆಗೆಸಿದರೆ ಕಬ್ಬಿಣದ ಅಂಶ ಕುಂದಿ ಕೆಡುಕೇ ಹೆಚ್ಚು. ಬೇಸಗೆಯಲ್ಲಿ ನೀರು ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಹಲ್ಲು ಕೀಳಿಸುವ ಮುನ್ನ ಡಾಕ್ಟರಿಗೆ ತಿಳಿಸಬೇಕು: ಬಾಯಿಯ ಸೂಕ್ಷ್ಮಜೀವಿಗಳು ರಕ್ತಕ್ಕೆ ಸೇರಿ ಹೃದಯದ ಒಳಪೊರೆಯಲ್ಲಿ ನೆಲಸುವ ಭಯ ಇಂಥವರಿಗೆ ಅಧಿಕ, ಅದನ್ನು ತಡೆಯಲು ಮುಂಚಿತವಾಗಿ ಔಷಧ ಕೊಡುತ್ತಾರೆ.

ಆರು ತಿಂಗಳಿಗೊಮ್ಮೆ ಅವಳೂ ಅವಳ ತಂದೆಯೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾರೆ. ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜಮೀನಿನ ಪಹಣಿಯ ಜೊತೆಗೆ ಟ್ರಂಕಿನಲ್ಲಿ ಇಟ್ಟಿರುತ್ತಾರಂತೆ. ಕಳೆದ ಸಲ ಹೋದಾಗ ಕುಣಿಗಲ್ಲಿನ ಕಡೆಯ ಒಬ್ಬ ತಾಯಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಪಕ್ಕದಲ್ಲಿ ಕುಳಿತಿದ್ದಳೆಂದೂ, ಮಗುವಿಗೆ ಈಗ ಕೆಮ್ಮು ಕಡಿಮೆಯಾಗಿದೆ, ವಾಪಸು ಹೋಗೋಣವೆಂದು ಮನೆಯವರು ಹೇಳುತ್ತಿದ್ದರೆಂದೂ, ತಾನು ಹೋಗಬಾರದೆಂದು ಹಿಡಿದು ಕೂರಿಸಿ, ಒಳಗೆ ಹೆಸರು ಕೂಗುವವರೆಗೂ ಆ ತಾಯಿಗೆ ತೂಬಿನ ಕಥೆಯನ್ನು ಹೇಳಿದೆನೆಂದೂ ನಮಗೆ ತಿಳಿಸಿದಳು.